ಜೂಜುವಾಡಿಯಲ್ಲಿ ಮುಗಿಯುವ ನಕ್ಷೆ

ಬೆಂಗಳೂರು ಮಹಾನಗರ ಪ್ರದೇಶದ ನಕ್ಷೆ ಬಿಡಿಸಿ, ಆಗ್ನೇಯ ಮೂಲೆ ನೋಡಿ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ. ಅಲ್ಲಿಗೆ ಬಣ್ಣ ಮುಗಿಯುತ್ತದೆ. ಆಚೆ ತಮಿಳುನಾಡು, ಬರೀ ಬಿಳಿ ಕಾಗದ. ಆ ಬಿಳಿ ಜಾಗದಲ್ಲಿ ಜೂಜುವಾಡಿ ಇದೆ, ಹೊಸೂರಿದೆ, ನಾನೂ ಇದ್ದೇನೆ. ಹೊಸೂರಿನ ನಕ್ಷೆ ತೆಗೆದರೂ ಇದೇ ಕತೆ, ಅದರಲ್ಲಿ ಅತ್ತಿಬೆಲೆಯೇ ಇಲ್ಲ. ಜಾಗತೀಕರಣದಿಂದ ಏಷ್ಯಾದ ದೊಡ್ಡ ನಗರಗಳಿಗೆ ಏನಾಗುತ್ತಿದೆ ಎಂದು ಕೇಳುವವರನ್ನು ನಾನು ವಿಧಾನಸೌಧದ ಮುಂದೆಯೋ ಔಟರ್ ರಿಂಗ್ ರೋಡಿಗೋ ಕಳಿಸುವುದಿಲ್ಲ. ಈ ಎರಡು ಹಾಳೆಗಳ ನಡುವಿನ ಜಾಗಕ್ಕೆ ಕರೆಯುತ್ತೇನೆ.

ಹೊಸೂರಿನಿಂದ ಚೆನ್ನೈ ಮುನ್ನೂರು ಕಿಲೋಮೀಟರಿಗೂ ದೂರ, ಬೆಂಗಳೂರು ನಲವತ್ತೇ. 1970ರ ದಶಕದಲ್ಲಿ ಇಲ್ಲಿ ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸಿಪ್ಕಾಟ್‌ನ ಕೈಗಾರಿಕಾ ಪ್ರದೇಶ ಮಾಡಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಜಾಗ, ರಿಯಾಯಿತಿ ತಮಿಳುನಾಡಿನದು, ಪೇಟೆ ಮತ್ತು ಎಂಜಿನಿಯರು ಬೆಂಗಳೂರಿನವರು. ಅಶೋಕ್ ಲೇಲ್ಯಾಂಡ್, ಟಿವಿಎಸ್ ಬಂದವು, 1980ರ ದಶಕದಲ್ಲಿ ಟೈಟನ್ ಬಂತು. ಅಲ್ಲಿ ಕಾಯಂ ಕೆಲಸ ಸಿಕ್ಕವರು ಪಿಎಫ್ ಸಾಲ ತೆಗೆದು 30x40 ಸೈಟಿನಲ್ಲಿ ಮನೆ ಕಟ್ಟಿಕೊಂಡರು. ಊರು ನಿಧಾನಕ್ಕೆ ಬೆಳೆಯಿತು. ಈಗ ಬರುತ್ತಿರುವುದು ಎಲೆಕ್ಟ್ರಿಕ್ ಸ್ಕೂಟರು, ಐಫೋನಿನ ಬಿಡಿಭಾಗ. ಆರ್ಡರು ಸಮುದ್ರದಾಚೆಯಿಂದ ಬರುತ್ತದೆ, ಸಾವಿರಾರು ಕೈಗಳು ಒಂದೇ ಸಲಕ್ಕೆ ಬೇಕು. ಕಾರ್ಖಾನೆಗೆ ಅನುಮತಿ ಕೊಡಲು ಏಕಗವಾಕ್ಷಿ ಇದೆ. ಅಲ್ಲಿ ದುಡಿಯಲು ಜಾರ್ಖಂಡ್, ಒಡಿಶಾದಿಂದ ಬರುವ ಹುಡುಗ ಎಲ್ಲಿ ಮಲಗಬೇಕು ಎಂದು ಕೇಳಲು ಒಂದು ಕಿಂಡಿಯೂ ಇಲ್ಲ. ಶ್ರೀಪೆರಂಬುದೂರಿನ ಹತ್ತಿರ ತಮಿಳುನಾಡು ಸರ್ಕಾರ 2024ರಲ್ಲಿ 18,720 ಹೆಣ್ಣುಮಕ್ಕಳಿಗೆ ವಸತಿ ಸಂಕೀರ್ಣ ತೆರೆಯಿತು, ಒಳ್ಳೆಯ ಕೆಲಸ. ಆದರೆ ಅದು ಕಾರ್ಖಾನೆಗಳು ಬಂದು ವರ್ಷಗಳಾದ ಮೇಲೆ ಹೊಳೆದ ಬುದ್ಧಿ.

ಈ ಮರೆವು ನಮ್ಮದೊಂದೇ ಅಲ್ಲ. 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಚೀನಾದ ಶೆನ್‌ಜೆನ್‌ನಲ್ಲಿ ಯೋಜಕರು ಕಾರ್ಖಾನೆ, ಬಂದರು, ಹೆದ್ದಾರಿಯ ಚಿತ್ರ ಬರೆದರು. ಕೂಲಿಕಾರರಿಗೆ ಮನೆ ಕಟ್ಟಿಕೊಟ್ಟದ್ದು ಮಾತ್ರ ಹೊಲ ಕಳೆದುಕೊಂಡ ಅಲ್ಲಿನ ಹಳ್ಳಿಯವರು. ತಮಗೆ ಉಳಿದ ಊರಜಾಗದಲ್ಲೇ ಆರೇಳು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟರು. ಕಿಟಕಿಯಿಂದ ಕೈ ಚಾಚಿದರೆ ಎದುರುಮನೆಯವರ ಕೈ ಕುಲುಕಬಹುದು, ಅಷ್ಟು ಇಕ್ಕಟ್ಟು. ಈಗ ನಮ್ಮ ಹೊಸೂರಿನ ಸಿಪ್ಕಾಟ್ ಹಿಂಬದಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಒಂದೇ ಸೈಟಿನಲ್ಲಿ ಸಾಲಾಗಿ ಶೀಟಿನ ರೂಮು, ಕೊನೆಗೊಂದು ಕಕ್ಕಸು, ಮೇಲೊಂದು ಸಿಂಟೆಕ್ಸ್ ಟ್ಯಾಂಕು. ಜಗತ್ತಿಗೆ ಫೋನು ತಯಾರಿಸುವವರ ವಸತಿ ನೀತಿ ಸದ್ಯಕ್ಕೆ ಇದೇ.

ಈ ಸೈಟುಗಳ ಹಿಂದಿನ ಗಣಿತ ಬಲ್ಲವರು ಕಡಿಮೆ. ಬಾಗಲೂರು ಕಡೆಯ ಗುಲಾಬಿ ಬೆಳೆಗಾರರೊಬ್ಬರು ಒಂದು ಎಕರೆಯ ಪಟ್ಟಾ, ಅಂದರೆ ತಮಿಳುನಾಡಿನ ಭೂ ಒಡೆತನದ ಪತ್ರ, ಹಿಡಿದು ನನ್ನ ಬಳಿ ಬಂದಿದ್ದರು. ಫೆಬ್ರವರಿಯಲ್ಲಿ ಹೂ ವಿಮಾನ ಹತ್ತಿಸಿ ರೂಢಿಯಾದವರು, ಹೊರದೇಶದ ಮಾರುಕಟ್ಟೆ ಏರಿಳಿತ ಅವರಿಗೆ ನಾನು ಹೇಳಬೇಕಿಲ್ಲ. ಪಾಲಿಹೌಸ್ ಕಿತ್ತು ಲೇಔಟ್ ಮಾಡುವ ಯೋಚನೆ.

"ಮೂವತ್ತಾರು ಸೈಟು ಬತ್ತದೆ ಅಂದವ್ನೆ ಸಾರ್ ಬ್ರೋಕರು."

"ಬರಲ್ಲಣ್ಣ. ಹೆಚ್ಚೂಕಡಿಮೆ ಇಪ್ಪತ್ತೆರಡು."

"ಮಿಕ್ಕಿದ್ದು ಯಾರ್ ಪಾಲು?"

ಕಾಗದದ ಮೇಲೆ ಬರೆದು ತೋರಿಸಿದೆ. ಎಕರೆಗೆ 43,560 ಚದರಡಿ. ಬ್ರೋಕರು ಅದನ್ನು 30x40 ಸೈಟಿನ 1,200ರಿಂದ ಭಾಗಿಸಿ ಮೂವತ್ತಾರು ಎಂದಿದ್ದಾನೆ, ರಸ್ತೆಯೇ ಬೇಡ, ಸೈಟುಗಳಿಗೆ ಜನ ಹಾರಿಕೊಂಡು ಬರುತ್ತಾರೆ ಅನ್ನುವ ಹಾಗೆ. ರಸ್ತೆಗೆ ನೂರಕ್ಕೆ ಮೂವತ್ತು ಪಾಲು ಕಳೆಯಿರಿ, ಉಳಿದದ್ದು ಸುಮಾರು 30,500. ಅದರಲ್ಲಿ ಹತ್ತನೇ ಒಂದು ಪಾಲು ಪಾರ್ಕು, ಬಯಲಿಗೆ. ಕೈಗೆ 27,450 ಚದರಡಿ, ಇಪ್ಪತ್ತೆರಡು ಸೈಟು, ಮೇಲೊಂದು ತುಂಡು.

ಇಲ್ಲಿಯೇ ಒಂದು ತೂತಿದೆ. ತಮಿಳುನಾಡಿನ 2019ರ ನಿಯಮದ ಪ್ರಕಾರ 10,000 ಚದರ ಮೀಟರಿಗಿಂತ ದೊಡ್ಡ ಲೇಔಟು ಆ ಹತ್ತನೇ ಪಾಲನ್ನು ಜಾಗವಾಗಿಯೇ ಬಿಡಬೇಕು. 3,000ದಿಂದ 10,000 ಚದರ ಮೀಟರಿನವರೆಗೆ ಜಾಗದ ಬದಲು ದುಡ್ಡು ಕಟ್ಟಿಯೂ ಪಾರಾಗಬಹುದು, ಅದಕ್ಕೂ ಚಿಕ್ಕದಾದರೆ ಆ ತಾಪತ್ರಯವೇ ಇಲ್ಲ. ಎರಡೂವರೆ ಎಕರೆ ದಾಟದಂತೆ ಹೊಲ ತುಂಡು ಮಾಡಿ ಮಾರುವುದು ಯಾಕೆ ಎಂದು ಈಗ ತಿಳಿಯಿತಲ್ಲ? ಅಕ್ಕಪಕ್ಕ ಹತ್ತು ಲೇಔಟು ಎದ್ದರೂ ಮಕ್ಕಳು ಚೆಂಡು ಆಡಲು ಒಂದು ಬಯಲಿಲ್ಲ. ಎಲ್ಲವೂ ಕಾನೂನುಬದ್ಧ, ಎಲ್ಲಕ್ಕೂ ತಮಿಳುನಾಡಿನ ನಗರ ಯೋಜನಾ ಇಲಾಖೆಯಾದ ಡಿಟಿಸಿಪಿಯ ನಂಬರಿದೆ. ಕೊಳ್ಳಲು ಬರುವ ಬೆಂಗಳೂರಿನವರು ಬೇರೆ "ಎ ಖಾತಾನಾ, ಬಿ ಖಾತಾನಾ?" ಎನ್ನುತ್ತಾರೆ. ಇಲ್ಲಿ ಆ ವ್ಯವಹಾರವೇ ಇಲ್ಲ ಸ್ವಾಮಿ, ಪಟ್ಟಾ ನೋಡಿ ಎಂದು ಹೇಳಿ ಹೇಳಿ ಸಾಕಾಗಿದೆ.

ನೀರಿನ ವಿಷಯಕ್ಕೆ ಬಂದರೆ ಗಡಿ ಇನ್ನೂ ವಿಚಿತ್ರ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ಹರಿದು ದಕ್ಷಿಣ ಪಿನಾಕಿನಿ ಸೇರಿ ನಮ್ಮ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಮಳೆ ಜೋರಾದರೆ ಅಣೆಕಟ್ಟಿನ ಕೆಳಗೆ ನೊರೆ ಗುಡ್ಡೆಗುಡ್ಡೆಯಾಗಿ ನಿಲ್ಲುತ್ತದೆ. ಪಕ್ಕದಲ್ಲೇ ನದಿ ಇಟ್ಟುಕೊಂಡು ನಾವು ಕುಡಿಯುವುದು ಹೊಗೇನಕಲ್‌ನಿಂದ ಮೇಲೆತ್ತಿದ ಕಾವೇರಿ, ಅದೂ ಜಪಾನಿನ ಜೈಕಾ ಸಾಲದಲ್ಲಿ ಆದ ಯೋಜನೆ. ಬೆಂಗಳೂರಿನ ಕೊಳಚೆಗೆ ಚೆಕ್‌ಪೋಸ್ಟ್ ಇಲ್ಲ, ಬೆಂಗಳೂರಿನ ಒಳಚರಂಡಿ ಯೋಜನೆಗೆ ಮಾತ್ರ ಅತ್ತಿಬೆಲೆಯೇ ಕೊನೆ.

ಸಿಂಗಪುರ ಮತ್ತು ಮಲೇಷ್ಯಾದ ಜೊಹೋರ್ ಬೇರೆ ಬೇರೆ ದೇಶದವು, ಜಗಳಕ್ಕೂ ಕಡಿಮೆಯಿಲ್ಲ. ಆದರೂ ಜೊಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ನೀರೆತ್ತಲು 1962ರಲ್ಲಿ ಆದ ಒಪ್ಪಂದ 2061ರವರೆಗೆ ನಡೆಯುತ್ತದೆ. ಎರಡೂ ದಡ ಸೇರಿಸುವ ನಾಲ್ಕು ಕಿಲೋಮೀಟರಿನ ರೈಲು ಮಾರ್ಗ ಇಬ್ಬರೂ ಒಪ್ಪಿ ಕಟ್ಟುತ್ತಿದ್ದಾರೆ. 2025ರ ಜನವರಿಯಲ್ಲಿ ಜಂಟಿ ಆರ್ಥಿಕ ವಲಯಕ್ಕೂ ಸಹಿ ಬಿತ್ತು. ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರಕ್ಕೆ ಬಂದು ನಿಂತಿತು. ಮುಂದಕ್ಕೆ ಎಳೆಯೋಣವೆಂದರೆ ಬೆಂಗಳೂರಿನದು ಹಳಿ ಪಕ್ಕದ 750 ವೋಲ್ಟ್ ಡಿಸಿ, ತಮಿಳುನಾಡಿನ ಕಡೆಯ ಚೆನ್ನೈ ಮೆಟ್ರೊದ ಪದ್ಧತಿ ತಲೆಮೇಲಿನ ತಂತಿಯ 25,000 ವೋಲ್ಟ್ ಎಸಿ, ಎರಡೂ ಕೂಡುವುದಿಲ್ಲ. ಹೊಸೂರಿಗೆ 2,000 ಎಕರೆಯ ವಿಮಾನ ನಿಲ್ದಾಣವೆಂದು 2024ರಲ್ಲಿ ಘೋಷಣೆಯಾಯಿತು, ಅದಕ್ಕೆ 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣ ಬರಬಾರದೆಂಬ ದೇವನಹಳ್ಳಿ ನಿಲ್ದಾಣದ ಕರಾರು 2033ರವರೆಗೆ ಅಡ್ಡ. ವಿಮಾನ ನಿಲ್ದಾಣದ ಚರ್ಚೆ ನನಗೆ ಅಷ್ಟು ಮುಖ್ಯವಲ್ಲ. ಅದರ ಹೆಸರಲ್ಲಿ ಬೇರಿಗೈ ರಸ್ತೆಯ ಸೈಟಿನ ರೇಟು ಹೇಳುವವರಿಗೆ ಮುಖ್ಯ.

ಕಾನೂನಿನಲ್ಲಿ ದಾರಿಯೇ ಇಲ್ಲ ಎನ್ನುವಂತಿಲ್ಲ. ಸಂವಿಧಾನದ 74ನೇ ತಿದ್ದುಪಡಿ ಹೇಳುವ ಮಹಾನಗರ ಯೋಜನಾ ಸಮಿತಿ ಒಂದು ರಾಜ್ಯದೊಳಗಿನ ವ್ಯವಸ್ಥೆ, ನಿಜ. ಆದರೆ ದೆಹಲಿಗಾಗಿ ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶಗಳು 252ನೇ ವಿಧಿಯಡಿ ನಿರ್ಣಯ ಮಾಡಿ, ಸಂಸತ್ತು 1985ರಲ್ಲಿ ರಾಷ್ಟ್ರ ರಾಜಧಾನಿ ಪ್ರದೇಶ ಯೋಜನಾ ಮಂಡಳಿ ಕಾಯ್ದೆ ತಂದಿತು. ಆ ಮಂಡಳಿಯ ಕೆಲಸ ಅಷ್ಟಕ್ಕಷ್ಟೇ ಎಂದು ಬೈಯುವವರಿದ್ದಾರೆ, ನಾನೂ ಬೈದಿದ್ದೇನೆ. ಆದರೂ ನಾಲ್ಕು ಸರ್ಕಾರಗಳು ನೋಡುವ ಒಂದು ಹಾಳೆ ಅಲ್ಲಿದೆ. ಬೆಂಗಳೂರು, ಹೊಸೂರಿಗೆ ಎರಡೇ ಸರ್ಕಾರ ಸಾಕು.

ಅಷ್ಟು ದೊಡ್ಡ ಕಾಯ್ದೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಆನೇಕಲ್ ತಾಲೂಕಿನ ಸರ್ವೆ ಟಿಪ್ಪಣಿ, ಗ್ರಾಮನಕ್ಷೆಗಳನ್ನೂ ಹೊಸೂರು ತಾಲೂಕಿನ ಎಫ್‌ಎಂಬಿ (ಹೊಲದ ಅಳತೆ ಪುಸ್ತಕ) ಸ್ಕೆಚ್‌ಗಳನ್ನೂ ಒಂದೇ ಅಳತೆಗೆ ತಂದು, ಕಾಲುವೆ, ಕೆರೆ, ಬಂಡಿದಾರಿಗಳನ್ನು ಮಾತ್ರ ಗಡಿಯ ಎರಡೂ ಬದಿ ಮೂರು ಮೂರು ಕಿಲೋಮೀಟರ್ ಬರೆದರೆ ಸಾಕು. ಎರಡು ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಆಗುವ ಕೆಲಸ. ಲೇಔಟ್ ಅರ್ಜಿ ಬಂದಾಗ ಆ ಹಾಳೆ ನೋಡಿಯೇ ಒಪ್ಪಿಗೆ ಕೊಡಬೇಕು. ಈಗ ಗಡಿಯ ಹೊಲಗಳಲ್ಲಿ ಈ ಕಡೆಯ ಮೂವತ್ತಡಿ ರಸ್ತೆ ನೇರ ಹೋಗಿ ಆ ಕಡೆಯ ಲೇಔಟಿನ ಕಾಂಪೌಂಡಿಗೆ ಮುಟ್ಟುತ್ತದೆ, ಮಳೆನೀರು ಯಾರದೋ ಸೈಟಿಗೆ ನುಗ್ಗುತ್ತದೆ. ಆ ಹಾಳೆ ಬರುವ ತನಕ ಸೈಟು ಕೊಳ್ಳುವವರು ಬ್ರೋಶರ್ ಬದಿಗಿಟ್ಟು ಆ ಸರ್ವೆ ನಂಬರಿನದಷ್ಟೇ ಅಲ್ಲ, ಸುತ್ತಲಿನ ನಾಲ್ಕು ಸರ್ವೆ ನಂಬರುಗಳ ಎಫ್‌ಎಂಬಿಯನ್ನೂ ತೆಗೆಸಿ ನೋಡಿ. ರಾಜ್ಯದ ಗಡಿ ಪಕ್ಕದಲ್ಲೇ ಇದ್ದರೆ ಆ ಕಡೆಯ ಗ್ರಾಮನಕ್ಷೆಯನ್ನೂ ಕೇಳಿ.