ಜೆಪ್ಪುವಿನ ಹೊಳೆದಾರಿ ಎಲ್ಲಿ ತುಂಡಾಯಿತು?

ಮಂಗಳೂರಿನ ಮಾರ್ಗನ್ಸ್ ಗೇಟಿನಿಂದ ಹೊರಟು, ಜೆಪ್ಪುವಿನ ಇಳಿಜಾರಿನಲ್ಲಿ ಮಹಾಕಾಳಿಪಡ್ಪಿಗೆ ಇಳಿದು, ರೈಲು ಹಳಿ ದಾಟಿ ನೇತ್ರಾವತಿಯ ದಂಡೆ ಹಿಡಿಯಬೇಕು. ಬೋಳಾರ, ಮುಳಿಹಿತ್ಲು, ಹೊಯ್ಗೆ ಬಜಾರ್ ಕಳೆದು, ಮಂಗಳಾದೇವಿ ದೇವಸ್ಥಾನದ ಎದುರಿನಿಂದ ಹತ್ತಿ ಬಂದರೆ ಹೊರಟ ಜಾಗವೇ ಸಿಗುತ್ತದೆ. ಹೆಚ್ಚೆಂದರೆ ಏಳೆಂಟು ಕಿಲೋಮೀಟರ್. ಏರು ಎನ್ನುವಂಥದ್ದು ಕೊನೆಗೊಂದೇ. ಇಷ್ಟರಲ್ಲಿ ಹೊಳೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ತೆಂಗಿನ ತೋಟ, ನಾಗಬನ, ಹಳೆಯ ಹಂಚಿನ ಕಾರ್ಖಾನೆಗಳ ಗೋಡೆ, ಚಿಮಿನಿ ಎಲ್ಲ ಸಿಗುತ್ತವೆ. ನಗರದೊಳಗೇ ಇರುವ ಹಳ್ಳಿಯ ನಡಿಗೆ ಇದು.

ಆದರೆ ಹೊಳೆಯನ್ನು ಬಿಡದೆ ಈ ಸುತ್ತು ಮುಗಿಸಲು ಆಗುವುದಿಲ್ಲ. ಒಂದೆಡೆ ಗೇಟು, ಇನ್ನೊಂದೆಡೆ ತಂತಿ ಬೇಲಿ, ಮತ್ತೊಂದೆಡೆ ಸುರಿದ ಮಣ್ಣಿನ ರಾಶಿ. ಒಳರಸ್ತೆಗೆ ಹೊರಳಿ ಮತ್ತೆ ಹೊಳೆ ಹುಡುಕಿಕೊಂಡು ಬರಬೇಕು. ಯಾಕೆ ಎಂದು ಕೇಳಿದರೆ ಒಬ್ಬರು ಸ್ಮಾರ್ಟ್ ಸಿಟಿ ಎನ್ನುತ್ತಾರೆ, ಒಬ್ಬರು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಎನ್ನುತ್ತಾರೆ, ಇನ್ನೊಬ್ಬರು ಜಾಗದ ತಕರಾರು ಎನ್ನುತ್ತಾರೆ. ಮೂವರೂ ಹೇಳುವುದು ಸರಿಯೇ. ಆದರೆ ಮೂರೂ ಇತ್ತೀಚಿನವು. ದಾರಿ ತುಂಡಾದದ್ದು ಅದಕ್ಕಿಂತ ಮೊದಲು.

ದಾರಿ ಹುಟ್ಟಿದ ಕಥೆ ಚಿಕ್ಕದು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅಚ್ಚುಕೂಟ, ನೇಯ್ಗೆಯ ನಂತರ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಬದಿಯ ಜೇಡಿಮಣ್ಣು ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಊರಿನವರೂ ಕಾರ್ಖಾನೆ ಕಟ್ಟಿದರು, ಎರಡೂ ಹೊಳೆಗಳ ಬದಿ ಚಿಮಿನಿಗಳು ಎದ್ದವು. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ನಡುವೆ 1907ರಲ್ಲಿ ರೈಲು ಬಂತು, 1923ರಲ್ಲಿ ಮಾರಿಬೊಳ್ಳ ಎಂಬ ಮಹಾಪ್ರವಾಹ ಬಂದು ಹೋಯಿತು. ಹಂಚು ಮಾತ್ರ ಹೋಗುತ್ತಲೇ ಇತ್ತು, ಬೊಂಬಾಯಿಗೆ, ಬರ್ಮಾಕ್ಕೆ, ಆಫ್ರಿಕಾದ ಕರಾವಳಿಗೆ.

ಮುಳಿಹಿತ್ಲು ಎಂಬ ಹೆಸರನ್ನೊಮ್ಮೆ ಬಿಡಿಸಿ ನೋಡಿ. ಮುಳಿ ಎಂದರೆ ಮನೆಗೆ ಹೊದೆಸುವ ಹುಲ್ಲು. ಮುಳಿಮಾಡಿನ ಕಾಲವನ್ನು ಮುಗಿಸಿದ ಹಂಚು ತಯಾರಾದದ್ದು ಮುಳಿಯ ಹೆಸರು ಹೊತ್ತ ಊರಿನ ಬದಿಯಲ್ಲೇ. ಪಕ್ಕದ ಹೊಯ್ಗೆ ಬಜಾರಿನ ಹೆಸರಿನಲ್ಲಿ ಹೊಳೆಯ ಹೊಯ್ಗೆಯೇ (ಮರಳೇ) ಇದೆ.

ಕಾರ್ಖಾನೆಗಳು ಆಗ ಹೊಳೆಗೆ ಮುಖ ಮಾಡಿದ್ದವು. ಈಗ ನೋಡುವವರಿಗೆ ಇದು ಮೊದಲು ಅರ್ಥವಾಗುವುದಿಲ್ಲ, ಯಾಕೆಂದರೆ ನಾವು ರಸ್ತೆಯ ಕಡೆಯಿಂದ ಹೋಗಿ ಅವುಗಳ ಬೆನ್ನು ನೋಡುತ್ತೇವೆ. ಮೇಲಿನ ಗದ್ದೆಬಯಲುಗಳಿಂದ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಭಟ್ಟಿಗೆ ಸೌದೆಯೂ ಹಾಗೆಯೇ. ಮಣ್ಣನ್ನು ರಾಶಿ ಹಾಕಿ ನೀರು ಹಾಯಿಸಿ ದಿನಗಟ್ಟಲೆ ಹುಳಿಯಲು ಬಿಡುತ್ತಿದ್ದರು. ಆಮೇಲೆ ಅರೆದು, ಹದವಾದ ಮುದ್ದೆ ಕತ್ತರಿಸಿ, ಎಣ್ಣೆ ಸವರಿ ಪ್ರೆಸ್ಸಿನಡಿ ಅಚ್ಚೊತ್ತುವುದು. ಅಂಚು ಸವರುವುದು, ಹಸಿ ಹಂಚನ್ನು ಅಟ್ಟಣೆಗೆ ಜೋಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ನೆರಳಿನಲ್ಲಿ ಒಣಗಿದ ಮೇಲೆಯೇ ಭಟ್ಟಿ. ಬಿಸಿಲಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಹಾಗಾಗಿಯೇ ಈ ಕಾರ್ಖಾನೆಗಳಿಗೆ ಅಷ್ಟು ಉದ್ದದ, ಗಾಳಿಯಾಡುವ, ಸೂರು ತಗ್ಗಿದ ಶೆಡ್ಡುಗಳು.

ನನ್ನ ದೊಡ್ಡಮ್ಮ ಇಂಥದ್ದೊಂದು ಶೆಡ್ಡಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದವರು. ಸುಟ್ಟ ಹಂಚನ್ನು ಬೆರಳ ಗಂಟಿನಿಂದ ತಟ್ಟಿ, ಶಬ್ದ ಕೇಳಿ ಒಂದನೇ ನಂಬ್ರ, ಎರಡನೇ ನಂಬ್ರ ಎಂದು ಬೇರೆ ಮಾಡುತ್ತಿದ್ದರು. ಬಿರುಕು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ ಎನ್ನುತ್ತಿದ್ದರು. ಬೆಳಿಗ್ಗೆ ಸೈರನ್ ಆಗುವ ಮೊದಲು ಮಹಾಕಾಳಿಪಡ್ಪಿನಿಂದ ಹೊಳೆಬದಿ ಹಿಡಿದು ಅವರೆಲ್ಲ ಸಾಲಾಗಿ ಹೋಗುತ್ತಿದ್ದರು. ತೋಡು ಬಂದಲ್ಲಿ ತೆಂಗಿನಮರದ ಸಂಕ, ಗದ್ದೆ ಬಂದಲ್ಲಿ ಕಟ್ಟಪುಣಿ (ಗದ್ದೆಯ ಬದು). ಮುರಿದ ಹಂಚನ್ನು ಕೆಸರಿಗೆ ಸುರಿದು ಸುರಿದೇ ಆ ದಾರಿ ಗಟ್ಟಿಯಾದದ್ದು. ಇವತ್ತಿಗೂ ಇಳಿತದ ಹೊತ್ತಿಗೆ ದಂಡೆಯಲ್ಲಿ ಕೆಂಪು ಚೂರುಗಳು ಕಾಣುತ್ತವೆ, ಕೆಲವದರ ಬೆನ್ನ ಮೇಲೆ ಕಾರ್ಖಾನೆಯ ಹೆಸರಿನ ಅರ್ಧ ಅಕ್ಷರ.

ಅಂದರೆ ಇದು ಯಾರೂ ಮಂಜೂರು ಮಾಡಿದ ದಾರಿಯಲ್ಲ, ದುಡಿಯುವವರ ಕಾಲು ಮಾಡಿದ ದಾರಿ. ಇವತ್ತಿನ ಗೋಜಲಿನ ಬೇರು ಇಲ್ಲೇ ಇದೆ.

ಕಾರ್ಖಾನೆಗಳು ಒಂದೇ ಏಟಿಗೆ ಮುಚ್ಚಲಿಲ್ಲ. ಮನೆಗಳಿಗೆ ಆರ್‌ಸಿಸಿ ತಾರಸಿ ಬಂತು. ಗದ್ದೆಯ ಮಣ್ಣು ತೆಗೆಯುವುದು ಕಷ್ಟವಾಯಿತು, ಸೌದೆಯ ಬೆಲೆ ಏರಿತು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಶುರುವಾದ ಮೇಲೆ ದೊಡ್ಡ ಸರಕೆಲ್ಲ ಅತ್ತ ಹೋಯಿತು, ಹಳೇ ಬಂದರಿಗೆ ಮೀನಿನ ದೋಣಿಗಳು ನಿಲ್ಲುವ ಧಕ್ಕೆ, ಐಸ್ ಪ್ಲಾಂಟು, ಲಕ್ಷದ್ವೀಪದ ಸರಕು ಉಳಿದವು. ಮಣ್ಣು ಲಾರಿಯಲ್ಲಿ ಬರತೊಡಗಿದ್ದೇ ಕಾರ್ಖಾನೆಗಳು ರಸ್ತೆಗೆ ಮುಖ ತಿರುಗಿಸಿದವು. ಹೊಳೆಬದಿ ಹಿತ್ತಿಲಾಯಿತು. ಕಾರ್ಖಾನೆ ನಿಂತ ಮೇಲೆ ಹೆಂಗಸರು ಬೀಡಿ ಕಟ್ಟುವ ಸೂಪು (ಮೊರ) ಹಿಡಿದು ಮನೆಯಲ್ಲೇ ಕೂತರು. ದಾರಿಯಲ್ಲಿ ನಡೆಯುವವರೇ ಇಲ್ಲವಾದರು. ಒಂದು ಮಳೆಗಾಲಕ್ಕೆ ಸಂಕ ಹೋಯಿತು, ಮರುವರ್ಷ ಅದನ್ನು ಯಾರೂ ಹಾಕಲಿಲ್ಲ.

ಕಾನೂನು ಏನು ಹೇಳುತ್ತದೆ? ಇನ್ನೊಬ್ಬರ ಜಾಗವನ್ನು ಬಳಸುವ ಹಕ್ಕಿನ ಕುರಿತ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ಅಡ್ಡಿಯಿಲ್ಲದೆ, ಎಲ್ಲರಿಗೂ ಕಾಣುವಂತೆ, ಹಕ್ಕಿನಿಂದ ಬಳಸಿದ ದಾರಿಗೆ ಹಕ್ಕು ಬರುತ್ತದೆ. ಆದರೆ ಆ 20 ವರ್ಷ ದಾವೆ ಹೂಡುವ ಹಿಂದಿನ ಎರಡು ವರ್ಷದೊಳಗೆ ಮುಗಿದಿರಬೇಕು. ಎಂದೋ ನಡೆದಿದ್ದೆವು ಎಂದರೆ ಸಾಲದು. ಅಲ್ಲದೆ ಆ ಹಕ್ಕು ಒಂದು ಜಮೀನಿಗೆ ಅಂಟಿಕೊಂಡದ್ದು, ಬೆಳಿಗ್ಗೆ ನಡೆಯಲು ಬರುವ ನನ್ನಂಥವರದ್ದಲ್ಲ. ದಂಡೆಯ ಕೆಲವು ತುಂಡುಗಳು ಹೊಳೆ ಪರಂಬೋಕು (ಸರ್ಕಾರಿ ಜಾಗ), ಕೆಲವು ಖಾಸಗಿ ವರ್ಗ ಜಾಗ. ನಡೆಯುವವನಿಗೆ ಒಂದೇ ಆಗಿದ್ದ ದಾರಿ ಕಾಗದದಲ್ಲಿ ಹತ್ತು ತುಂಡು. ಬೇಲಿ ಹಾಕಿದವರು ತಮ್ಮ ತುಂಡಿಗೆ ಹಾಕಿದರು, ಅಷ್ಟೆ.

1991ರ ಫೆಬ್ರವರಿ 19ರಂದು ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಹೊರಬಿತ್ತು. 2011ರಲ್ಲಿ, 2019ರಲ್ಲಿ ಅದು ಹೊಸ ರೂಪ ಪಡೆಯಿತು. ಸಮುದ್ರಕ್ಕಷ್ಟೇ ಅಲ್ಲ, ಭರತ ಇಳಿತ ಆಗುವ ಹೊಳೆಭಾಗಕ್ಕೂ ಇದು ಅನ್ವಯಿಸುತ್ತದೆ. ಕಾಂಡ್ಲಾ ಇರುವ ಜಾಗ ಅತಿಸೂಕ್ಷ್ಮ ವರ್ಗಕ್ಕೆ ಸೇರುತ್ತದೆ. ಪೇಟೆಯ ಭಾಗದಲ್ಲಿ ಮೊದಲಿನಿಂದ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಹಿಂಬದಿಗೆ, ಅಂದರೆ ನೆಲದ ಕಡೆಗೆ ಮಾತ್ರ ಹೊಸ ಕಟ್ಟಡ ಕಟ್ಟಬಹುದು. ನೀರಿನ ಕಡೆಗೆ ಹೊಸ ರಸ್ತೆ ಮಾಡಿಕೊಂಡು ಅದನ್ನೇ ಗಡಿಯೆಂದು ತೋರಿಸುವಂತಿಲ್ಲ. ಇದನ್ನು ಓದಿದ ಮೇಲೆ ಹಳೇ ಕಾರ್ಖಾನೆಯ ಗೋಡೆ ನನಗೆ ಬೇರೆಯಾಗಿಯೇ ಕಾಣತೊಡಗಿತು. ಅಧಿಕೃತವಾಗಿದ್ದರೆ ಆ ಪಾಳುಗೋಡೆಯೂ ಒಂದು ಗಡಿರೇಖೆ. ಅದು ನಿಂತಿರುವುದಕ್ಕೂ ಬೀಳುವುದಕ್ಕೂ ಬೆಲೆಯಿದೆ.

2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ನೇತ್ರಾವತಿ ರೈಲು ಸೇತುವೆಯಿಂದ ಬೋಳಾರದವರೆಗೆ ಸುಮಾರು ಎರಡು ಕಿಲೋಮೀಟರ್ ವಿಹಾರಪಥ ಮಾಡುವ ಯೋಜನೆ ಬಂತು. ಸುದ್ದಿ ಓದಿದ ದಿನ ನನಗೆ ಸಂತೋಷವೇ ಆಗಿತ್ತು. ತುಂಡಾದ ದಾರಿ ಕೂಡುತ್ತದಲ್ಲ ಎಂದುಕೊಂಡೆ. ಕೆಲಸ ಶುರುವಾದಾಗ ದಂಡೆಗೆ ಮಣ್ಣು ಬಿತ್ತು, ಕಾಂಡ್ಲಾದ ಬಗ್ಗೆ ಆತಂಕ ಎದ್ದಿತು, ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಒಂದು ಬದಿಯವರಿಗೆ ಅಭಿವೃದ್ಧಿ ಬೇಕು, ಇನ್ನೊಂದು ಬದಿಯವರಿಗೆ ಹೊಳೆ ಉಳಿಯಬೇಕು ಎಂದು ಚರ್ಚೆ ಎರಡು ಹೋಳಾಯಿತು. ದೋಣಿ ಎಳೆದು ಕಟ್ಟುವವರು, ಮರುವಾಯಿ (ಚಿಪ್ಪುಮೀನು) ಹೆಕ್ಕುವವರು, ಬಲೆ ಬೀಸುವವರು ಎಲ್ಲಿಂದ ನೀರಿಗೆ ಇಳಿಯಬೇಕು ಎಂಬುದು ಎರಡೂ ಹೋಳುಗಳಲ್ಲಿ ಸಣ್ಣ ಅಕ್ಷರದ ವಿಷಯವಾಯಿತು.

ಕಾಂಡ್ಲಾ ಇರುವಷ್ಟು ಕಡೆ ದಾರಿ ಹಿಂದೆ ಸರಿಯಲಿ, ಮಣ್ಣಿನದೇ ಆಗಿರಲಿ, ಎರಡು ಆಳು ಅಗಲ ಸಾಕು. ಕಾಂಡ್ಲಾದ ಬೇರಿನ ನಡುವೆ ಮೀನು ಮರಿ ಮಾಡುತ್ತದೆ, ಬೊಳ್ಳ ಬಂದಾಗ ದಂಡೆ ಕೊಚ್ಚದಂತೆ ಹಿಡಿಯುವುದೂ ಅದೇ ಬೇರು. ಬನಗಳನ್ನು ಹೇಗೆ ಕಳೆದುಕೊಂಡೆವು ಎಂದು ನಾವು ನೋಡಿದ್ದೇವೆ. ಈ ಸುತ್ತಿನಲ್ಲೇ ನಾಗನಿಗೆ ಗ್ರಾನೈಟ್ ಕಟ್ಟೆ, ಸುತ್ತ ಇಂಟರ್‌ಲಾಕ್ ಹಾಸಿದ ಬನ ಇದೆ. ಹಳಬರು ಅದನ್ನು ಈಗಲೂ ಬನ ಎಂದೇ ಕರೆಯುತ್ತಾರೆ, ಆದರೆ ಬಿಸಿಲಿಗೆ ನಿಲ್ಲಲು ಅಲ್ಲಿ ಒಂದು ಮರವಿಲ್ಲ. ಸ್ವಲ್ಪ ಮುಂದೆ ಇನ್ನೊಂದಿದೆ, ಬಳ್ಳಿ ಸುತ್ತಿದ ಹಳೇ ಮರಗಳು, ಒಳಗೆ ಕತ್ತಲು. ನಡೆದು ಬಂದವರು ಅಲ್ಲಿ ತಾವಾಗಿ ದನಿ ತಗ್ಗಿಸುತ್ತಾರೆ.

ಈಗಲೂ ಹೋಗಬೇಕೆನ್ನುವವರು ಮಳೆ ಕಳೆದ ಮೇಲೆ, ಇಳಿತದ ಹೊತ್ತು ನೋಡಿಕೊಂಡು ಹೋಗಿ. ಬೇಲಿ ಬಂದಲ್ಲಿ ಹಾರಬೇಡಿ, ಒಳರಸ್ತೆ ಹಿಡಿಯಿರಿ. ಹೊಯ್ಗೆ ಬಜಾರಿನ ಕಡೆ ಬರುವಾಗ ದೋಣಿಗೆ ಬಣ್ಣ ಬಳಿಯುವವರು ಸಿಗುತ್ತಾರೆ, ದಾರಿ ಕೇಳಿದರೆ ತೋರಿಸುತ್ತಾರೆ. ಅಲ್ಲಿ ನೀರಿಗೆ ಇಳಿಯುವ ಕೆಂಪುಕಲ್ಲಿನ ಮೆಟ್ಟಿಲುಗಳಿವೆ. ಕೆಳಗಿನವು ಪಾಚಿ ಕಟ್ಟಿ ಜಾರುತ್ತವೆ, ಮೇಲಿನವು ಹಂಚು ಹೊತ್ತವರ ಕಾಲಿಗೆ ನಡುವಿನಲ್ಲಿ ಸವೆದಿವೆ.