ಕಾಲೇಜ್ ಫುಟ್ಬಾಲಿಗೆ ಹತ್ತಿರೋದು ಟವಲ್ ಹಾಕೋ ಕಾಯಿಲೆ

ಅಮೆರಿಕದ ಕಾಲೇಜ್ ಫುಟ್ಬಾಲ್ (ಬಾಲ್ ಕೈಯಲ್ಲಿ ಹಿಡ್ಕೊಂಡು ಓಡೋ ಆಟ) ಅಂದ ತಕ್ಷಣ ಎಲ್ರದ್ದೂ ಒಂದೇ ಮಾತು, ಹುಡುಗ್ರ ಕೈಗೆ ದುಡ್ಡು ಬಂತು, ನಿಯತ್ತು ಹೋಯ್ತು, ಆಟ ಕೆಟ್ಟೋಯ್ತು. ಇದನ್ನ ಕೇಳಿದ್ರೆ ನಂಗೆ ಮೈ ಉರಿಯುತ್ತೆ. ದುಡ್ಡು ಅಲ್ಲಿ ಯಾವಾಗ್ಲೂ ಇತ್ತು ಕಣ್ರೀ, ಕೋಚ್‌ಗಳಿಗೆ ಮಿಲಿಯಗಟ್ಟಲೆ ಡಾಲರ್ ಸಂಬಳ, ಲಕ್ಷ ಜನ ಕೂರೋ ಸ್ಟೇಡಿಯಂ, ಟೀವಿ ಹಕ್ಕು, ಎಲ್ಲಾ ಇತ್ತು, ಮೂಳೆ ಮುರ್ಕೊಳ್ಳೋ ಹುಡುಗನಿಗೆ ಮಾತ್ರ ಫೀಸು, ಹಾಸ್ಟೆಲ್ಲು, ಊಟ.

2018ರ ಅಕ್ಟೋಬರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಅಂದ್ರೆ ಕಾಲೇಜ್ ಬಿಡೋಕೆ ರೆಡಿ ಇರೋರ ಹೆಸರಿನ ಡೇಟಾಬೇಸ್. 2021ರಲ್ಲಿ ಮೊದಲ ಸಲ ಕಾಲೇಜ್ ಬದಲಿಸೋರಿಗೆ ಒಂದ್ವರ್ಷ ಆಡದೇ ಕೂರೋ ಶಿಕ್ಷೆ ಹೋಯ್ತು, ಅದೇ ಜುಲೈ 1ರಿಂದ ಸ್ವಂತ ಹೆಸರು, ಮುಖ ಬಳಸಿ ಜಾಹೀರಾತಲ್ಲಿ ದುಡೀಬಹುದು ಅಂತಾಯ್ತು. 2024ರಿಂದ ಓದಲ್ಲಿ ಪಾಸಾಗ್ತಿದ್ರೆ ಎಷ್ಟು ಸಲ ಬೇಕಾದ್ರೂ ಹೋಗ್ಬಹುದು. 2025ರ ಜುಲೈಯಿಂದ ಕಾಲೇಜೇ ನೇರವಾಗಿ ದುಡ್ಡು ಕೊಡ್ಬಹುದು, ಮೊದಲ ವರ್ಷದ ಮಿತಿ ಎಲ್ಲಾ ಆಟ ಸೇರಿ ಒಂದು ಕಾಲೇಜಿಗೆ 20.5 ಮಿಲಿಯ ಡಾಲರ್.

ಇದ್ರಿಂದ ಒಳ್ಳೇದೂ ಆಗಿದೆ. ಇಂಡಿಯಾನಾ ಯೂನಿವರ್ಸಿಟಿದು ಸೋತು ಸೋತು ಸುಣ್ಣವಾಗಿದ್ದ ಟೀಮು. ಕೋಚ್ ಕರ್ಟ್ ಸಿಗ್ನೆಟ್ಟಿ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ ಬರುವಾಗ ಹತ್ತಕ್ಕೂ ಹೆಚ್ಚು ಹುಡುಗ್ರನ್ನ ಕರ್ಕೊಂಡೇ ಬಂದ್ರು, ಆಮೇಲೆ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಆಟ ನಡೆಸೋನು) ಫರ್ನಾಂಡೋ ಮೆಂಡೋಜಾ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಿಂದ ಪೋರ್ಟಲ್ಲಲ್ಲಿ ಬಂದ. 2026ರ ಜನವರಿ ಫೈನಲ್ಲು, ನಾಲ್ಕನೇ ಡೌನು, ಅಂದ್ರೆ ಕೊನೇ ಚಾನ್ಸು, ತಪ್ಪಿದ್ರೆ ಬಾಲು ಎದುರಾಳಿ ಮಯಾಮಿಗೆ. ಅವ್ನು ಎಸೀದೆ ಬಾಲ್ ಅವಚ್ಕೊಂಡು ನುಗ್ಗಿ, ಡಿಕ್ಕಿ ಮೇಲೆ ಡಿಕ್ಕಿ ತಿಂದು, 12 ಗಜ ಓಡಿ ಗೆರೆ ಮೇಲೆ ಹಾರಿ ಬಿದ್ದ. 27-21, ಇಡೀ ಸೀಸನ್ 16 ಪಂದ್ಯ, ಒಂದೂ ಸೋಲಿಲ್ಲ. ಹುಡುಗ್ರನ್ನ ಕಳ್ಕೊಂಡಿದ್ದ ಜೇಮ್ಸ್ ಮ್ಯಾಡಿಸನ್ನೂ ಅದೇ ಸೀಸನ್ನಲ್ಲಿ ಪ್ಲೇಆಫ್ (ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ನಾಕೌಟ್) ಮುಟ್ತು!

ಹಾಗಾದ್ರೆ ಕೆಟ್ಟಿರೋದೇನು? ಟೈಮಿಂಗು. ಜಾತ್ರೆ ದಿನ ಬಸ್ ಸ್ಟ್ಯಾಂಡಲ್ಲಿ ನೋಡಿ, ಬಸ್ ನಿಲ್ಲೋ ಮುಂಚೆನೇ ಒಬ್ಬ ಕಿಟಕಿಯಿಂದ ಟವಲ್ ಹಾಕ್ತಾನೆ, ಅವನನ್ನ ನೋಡಿ ಇನ್ನೊಬ್ಬ ಗೇಟ್ ಹತ್ರನೇ ಹತ್ತುತಾನೆ, ಮಾರನೇ ದಿನ ಮತ್ತೊಬ್ಬ ಡಿಪೋಗೇ ಹೋಗಿ ಕೂರ್ತಾನೆ. ಯಾರೂ ಕೆಟ್ಟೋರಲ್ಲ, ಆದ್ರೆ ಒಬ್ಬ ಮುಂಚೆ ಹೋದ ಅಂದ್ರೆ ಉಳಿದೋರು ಕಾಯೋ ಹಾಗಿಲ್ಲ. ಪಕ್ಕದ ತೋಟದವನು ಕಾಯಲ್ಲೇ ಮಾವು ಕಿತ್ತು ಮಾರ್ಕೆಟ್ಟಿಗೆ ಹಾಕಿದ್ರೆ ನಾವೂ ಹಣ್ಣಾಗೋಕೆ ಬಿಡಲ್ವಲ್ಲ, ಹಾಗೆ. ಇದನ್ನ ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಜೀವನವಿಡೀ ಓದಿದೋರು, 2012ರಲ್ಲಿ ನೊಬೆಲ್ ಬಂತು. 1940ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳು ಡಾಕ್ಟರ್ ಓದು ಮುಗಿಯೋಕೆ ಎರಡು ವರ್ಷ ಇರುವಾಗ್ಲೇ ಹುಡುಗ್ರನ್ನ ಬುಕ್ ಮಾಡ್ತಿದ್ವು. ಫುಟ್ಬಾಲಲ್ಲೂ ಸೀಸನ್ ಮುಗಿಯೋ ಮುಂಚೆನೇ ಬೌಲ್ ಪಂದ್ಯಗಳಿಗೆ (ಸೀಸನ್ ಆದ್ಮೇಲೆ ಒಳ್ಳೇ ಟೀಮುಗಳನ್ನ ಕರೆದು ಆಡಿಸೋ ದೊಡ್ಡ ಮ್ಯಾಚು) ಟೀಮ್ ಕರೀತಿದ್ರು, ಆಮೇಲೆ ಆ ಟೀಮು ಸೋತು ಸಪ್ಪೆ ಮ್ಯಾಚ್ ಆಗ್ತಿತ್ತು, ಅದನ್ನೂ ರಾತ್ ಅಧ್ಯಯನ ಮಾಡಿದ್ದಾರೆ.

2024ರ ಡಿಸೆಂಬರಲ್ಲಿ ಆಗಿದ್ದೂ ಇದೇ. ಪೆನ್ ಸ್ಟೇಟ್‌ನ ಎರಡನೇ ಕ್ವಾರ್ಟರ್‌ಬ್ಯಾಕ್ ಬೋ ಪ್ರಿಬುಲಾ, ಟೀಮು ಪ್ಲೇಆಫಲ್ಲಿ ಇರುವಾಗ್ಲೇ ಬಿಟ್ಟು ಹೊರಟ. ಪಂದ್ಯ ಮುಗೀಲಿ ಅಂತ ಕಾದ್ರೆ ಬೇರೆ ಕಡೆ ಇರೋ ಜಾಗ ತುಂಬೋಗುತ್ತೆ. ಅವನನ್ನ ಬೈದು ಏನು ಪ್ರಯೋಜನ?

ಡಾಕ್ಟರ್‌ಗಳ ಕಾಯಿಲೆಗೆ 1952ರಲ್ಲಿ ಔಷಧಿ ಸಿಕ್ತು. ಎಲ್ರೂ ಒಂದೇ ದಿನದೊಳಗೆ ತಮಗೆ ಬೇಕಾದ ಪಟ್ಟಿ ಕೊಡೋದು, ಒಂದು ಲೆಕ್ಕದಲ್ಲಿ ಜೋಡಿ ಮಾಡೋದು. ನಮ್ಮ ಸಿಇಟಿಯಲ್ಲಿ ಆಪ್ಷನ್ ಎಂಟ್ರಿ ಮಾಡಿ, ಚಾಯ್ಸ್-2 ಒತ್ತಿ, ಸಿಕ್ಕಿದ ಸೀಟು ಕೈಯಲ್ಲಿಟ್ಕೊಂಡೇ ಮುಂದಿನ ರೌಂಡಿಗೆ ಕಾಯ್ತೀವಲ್ಲ, ಆ ಲೆಕ್ಕಕ್ಕೆ ಹತ್ತಿರದ ನೆಂಟ. ಸಿಕ್ಕಿದ್ದು ಕೈತಪ್ಪಲ್ಲ ಅನ್ನೋ ಧೈರ್ಯ ಇದ್ರೆ ಯಾರೂ ಡಿಪೋಗೆ ಓಡಲ್ಲ. ಫುಟ್ಬಾಲಲ್ಲಿ 2026ಕ್ಕೆ ಮಾಡಿದ್ದು ಇಷ್ಟೇ, ಕಾಲೇಜ್ ಬದಲಿಸೋಕೆ ಎರಡು ಅವಧಿ ಇದ್ದಿದ್ದನ್ನ ಒಂದು ಮಾಡಿ ಜನವರಿ 2ರಿಂದ 16 ಅಂದ್ರು. ಸೆಮಿಫೈನಲ್ ಅದರ ಮಧ್ಯದಲ್ಲೇ ಬಂತು!

ಪೂರ್ತಿ ಔಷಧಿ ಯಾಕೆ ಕೊಡಲ್ಲ ಅಂದ್ರೆ, ಕಾಲೇಜುಗಳು ಕೂತು ಒಟ್ಟಿಗೆ ನಿಯಮ ಮಾಡಿದ್ರೆ ಪೈಪೋಟಿ ತಡೆದ್ರಿ ಅಂತ ಕೋರ್ಟಲ್ಲಿ ಕೇಸು. ಡಾಕ್ಟರ್‌ಗಳ ವ್ಯವಸ್ಥೆ ಮೇಲೂ ಕೇಸಾಗಿತ್ತು, 2004ರಲ್ಲಿ ಸಂಸತ್ತೇ ವಿನಾಯಿತಿ ಕೊಟ್ಟು ಉಳಿಸ್ತು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಆಟಗಾರರ ಯೂನಿಯನ್ ಜೊತೆ ಒಪ್ಪಂದ ಇದೆ, ಅದೇ ರಕ್ಷಣೆ. ಕಾಲೇಜ್ ಹುಡುಗ್ರು ನೌಕರರೇ ಅಲ್ಲ ಅಂತಿರುವಾಗ ಯೂನಿಯನ್ ಎಲ್ಲಿಂದ ಬರ್ಬೇಕು? 1955ರಲ್ಲಿ ಕೊಲೊರಾಡೋದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಆಡ್ತಾ ತಲೆಗೆ ಪೆಟ್ಟು ಬಿದ್ದು ಸತ್ತ, ಹೆಂಡತಿ ಕಾರ್ಮಿಕ ಪರಿಹಾರ ಕೇಳಿದ್ರು, 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇಲ್ಲ ಅಂತು. ಇಂಥ ಕ್ಲೇಮುಗಳಿಗೆ ಹೆದರಿಯೇ ‘ಸ್ಟೂಡೆಂಟ್-ಅಥ್ಲೀಟ್’ ಅನ್ನೋ ಪದ ಹುಟ್ಟಿಸಿದ್ವಿ ಅಂತ, ಆಗ ಕಾಲೇಜ್ ಆಟಗಳ ಸಂಸ್ಥೆ ಎನ್‌ಸಿಎಎ ನಡೆಸ್ತಿದ್ದ ವಾಲ್ಟರ್ ಬೈಯರ್ಸ್ ಮುಂದೆ ತಾವೇ ಬರೆದ್ರು. ಆ ವಿಧವೆಗೆ ಅಡ್ಡ ನಿಂತ ವಾದವೇ ಇವತ್ತು ಕಾಲೇಜುಗಳಿಗೂ ಅಡ್ಡ ನಿಂತಿದೆ.