ಮಗ್ಗದ ಸದ್ದಿಗೂ ಬಸ್ಸಿನ ಸದ್ದಿಗೂ ಒಂದೇ ಹೆಡ್‌ಫೋನ್ ಸಾಕಾ?

ಪ್ರಶ್ನೆ: ನಮ್ಮದು ಬನಹಟ್ಟಿರಿ. ಓಣಿ ತುಂಬ ಪವರ್‌ಲೂಮ್. ಸಂಜೆ ಮನೆಯಲ್ಲಿ ಕೂತು ಹಿಂದೂಸ್ತಾನಿ ಸಂಗೀತ ಕೇಳ್ತೀನಿ. ಕೆಲಸಕ್ಕೆ ಅಂತ ಆಗಾಗ ರಾತ್ರಿ ಬಸ್ಸಿಗೆ ಬೆಂಗಳೂರಿಗೂ ಹೋಗಬೇಕಾಗುತ್ತೆ. ಎರಡಕ್ಕೂ ಆಗುವಂಥ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಯಾವುದು ತಗೋಬೇಕು? ತಂದರೆ ನಾನೂ ಮಗ್ಗದ ಮುಂದೆ ಹಾಕ್ಕೊಳ್ತೀನಿ ಅಂತಾನೆ ತಮ್ಮ. ನಡೆಯುತ್ತಾ?

ಉತ್ತರ: ಬಸ್ಸಿಗೆ ಖಂಡಿತ ಆಗುತ್ತದೆ. ಓಣಿಯ ಮಗ್ಗದ ಸದ್ದಿಗೆ ಅರ್ಧಂಬರ್ಧ. ತಮ್ಮನಿಗೆ ಮಾತ್ರ ಬೇಡ. ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಅಂಗಡಿಯಲ್ಲಿ ಏನು ನೋಡಬೇಕು ಅನ್ನುವುದೂ ತಾನಾಗಿ ಹೊಳೆಯುತ್ತದೆ.

ಸದ್ದು ಅಂದರೆ ಗಾಳಿಯ ಒತ್ತಡ ಮೇಲೆ ಕೆಳಗೆ ಆಗುತ್ತ ಬರುವ ಅಲೆ. ಹೆಡ್‌ಫೋನಿನ ಹೊರಗಿರುವ ಪುಟ್ಟ ಮೈಕು ಆ ಅಲೆಯನ್ನು ಹಿಡಿಯುತ್ತದೆ. ಒಳಗಿನ ಚಿಪ್ ಅದಕ್ಕೆ ಸರಿಯಾಗಿ ಉಲ್ಟಾ ಅಲೆ ತಯಾರಿಸಿ ಸ್ಪೀಕರಿಗೆ ಕೊಡುತ್ತದೆ. ಹೊರಗಿನ ಅಲೆ ಏರುವಾಗ ಇದು ಇಳಿಯುತ್ತದೆ. ಕಿವಿಯ ಹತ್ತಿರ ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಪಾಲ್ ಲ್ಯೂಗ್ ಎಂಬ ಜರ್ಮನ್ ಸಂಶೋಧಕರಿಗೆ ಈ ಉಪಾಯಕ್ಕೆ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಅದನ್ನು ಹೆಡ್‌ಫೋನಿಗೆ ತರುವ ಯೋಚನೆ ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಬಂದದ್ದು 1978ರಲ್ಲಿ, ವಿಮಾನದಲ್ಲಿ ಕೂತಿದ್ದಾಗ. ವಿಮಾನದ ಒಂದೇ ಸಮನೆಯ ಗುಂಯ್ ಸದ್ದಿಗೆ ಹುಟ್ಟಿದ ಮದ್ದು ಇದು. ಇವತ್ತಿಗೂ ಅಂಥ ಸದ್ದಿಗೇ ಚೆನ್ನಾಗಿ ನಾಟುತ್ತದೆ.

100 ಹರ್ಟ್ಜ್‌ನ (ಅಂದರೆ ಸೆಕೆಂಡಿಗೆ 100 ಅಲೆ) ದಪ್ಪ ಸದ್ದಿನ ಒಂದು ಅಲೆ ಸುಮಾರು 3.4 ಮೀಟರ್ ಉದ್ದ. ಚಿಪ್ ಲೆಕ್ಕದಲ್ಲಿ ಚೂರು ಆಚೀಚೆ ಆದರೂ ನಡೆಯುತ್ತದೆ. 4,000 ಹರ್ಟ್ಜ್‌ನ ಚುರುಕು ಸದ್ದಿನ ಅಲೆ ಬರೀ ಎಂಟೂವರೆ ಸೆಂಟಿಮೀಟರ್. ಅಲ್ಲಿ ಸ್ವಲ್ಪ ತಪ್ಪಿದರೆ ಅಲೆಗಳು ಅಳಿಸಿಹೋಗುವ ಬದಲು ಕೂಡಿಕೊಳ್ಳುತ್ತವೆ. ಹಾಗಾಗಿ ಈ ತಂತ್ರದ ಆಟ ಹೆಚ್ಚಾಗಿ 1,000 ಹರ್ಟ್ಜ್ ಒಳಗೇ. ಜೊತೆಗೆ ಸದ್ದು ಒಂದೇ ಸಮನೆ ಇರಬೇಕು. ತಟ್ಟನೆ ಬಡಿದು ಹೋಗುವ ಸದ್ದಿಗೆ ಚಿಪ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಅದು ಕಿವಿಗೆ ಮುಟ್ಟಿರುತ್ತದೆ.

ಈಗ ನಿಮ್ಮ ಓಣಿಗೆ ಬರೋಣ. ಮಗ್ಗದ ಮೋಟರಿನ ಗುಂಯ್ ಬೇರೆ, ಲಾಳಿ ಅತ್ತಿಂದಿತ್ತ ಹೋಗಿ ಬಡಿಯುವ ಖಟ್ ಖಟ್ ಬೇರೆ. ಮೊದಲನೆಯದನ್ನು ಹೆಡ್‌ಫೋನ್ ನುಂಗುತ್ತದೆ. ಎರಡನೆಯದನ್ನು ಬಹುಪಾಲು ಬಿಟ್ಟುಬಿಡುತ್ತದೆ. ಗುಂಯ್ ಹೋದ ಮೇಲೆ ಖಟ್ ಖಟ್ ಇನ್ನೂ ಸ್ಪಷ್ಟವಾಗಿ ಕೇಳಿಸಬಹುದು. ‘ಸೆಟ್ ಕೆಟ್ಟಿದೆ’ ಅಂತ ಆಗ ವಾಪಸ್ ಒಯ್ಯಬೇಡಿ, ಅದರ ಗುಣವೇ ಅಷ್ಟು. ಪಕ್ಕದ ಮನೆಯವರ ಮಾತು, ಕುಕ್ಕರ್ ಸೀಟಿ, ಬಸ್ಸಿನ ಹಾರ್ನ್, ಎಲ್ಲದರದ್ದೂ ಇದೇ ಕಥೆ. ಆದರೆ ಬೇಸಿಗೆಯ ಏರ್ ಕೂಲರ್, ಫ್ಯಾನು, ಕರೆಂಟ್ ಹೋದಾಗ ಹಚ್ಚುವ ಜನರೇಟರ್, ಎಸಿ ಸ್ಲೀಪರ್ ಬಸ್ಸಿನ ಇಂಜಿನ್ ಇವುಗಳ ಸದ್ದು ಬಟನ್ ಒತ್ತಿದ ಕೂಡಲೇ ತುಂಬಾ ಇಳಿದುಬಿಡುತ್ತದೆ.

ಹಾಗಾದರೆ ಲಾಳಿಯ ಬಡಿತ ತಡೆಯುವುದು ಯಾವುದು? ಬರೀ ಮೆತ್ತೆ. ಕಿವಿಯ ಸುತ್ತ ಗಾಳಿ ಸೋರದಂತೆ ಕೂರುವ ದಪ್ಪ ಮೆತ್ತೆ ಚುರುಕು ಸದ್ದನ್ನು ತನ್ನ ಪಾಡಿಗೆ ತಾನು ತಡೆಯುತ್ತದೆ. ಅದಕ್ಕೆ ಕರೆಂಟೂ ಬೇಡ, ಚಿಪ್ಪೂ ಬೇಡ. ನಿಮಗೆ ನನ್ನ ಸಲಹೆ ಇಷ್ಟೇ: ಇಡೀ ಕಿವಿ ಮುಚ್ಚುವ, ಹಿಂಬದಿ ಬಂದ್ ಆಗಿರುವ ಹೆಡ್‌ಫೋನ್ ನೋಡಿ. ಕಿವಿಯ ಮೇಲೆ ಸುಮ್ನೆ ಕೂರುವ ಚಿಕ್ಕ ಮೆತ್ತೆಯದು ನಿಮ್ಮ ಓಣಿಗೆ ದಂಡ. ಕನ್ನಡಕ ಇದ್ದರೆ ಹಾಕಿಕೊಂಡೇ ಅಂಗಡಿಗೆ ಹೋಗಿ. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿದರೆ ಆ ಸಂದಿಯಿಂದ ಸದ್ದು ಒಳಗೆ ಬರುತ್ತದೆ, ಹಾಡಿನ ದಪ್ಪ ಸ್ವರ ಹೊರಗೆ ಸೋರುತ್ತದೆ. ಮನೆಯ ಹೆಣ್ಣುಮಕ್ಕಳೂ ಬಳಸುವುದಾದರೆ ಓಲೆ, ಬುಗುಡಿ ಒತ್ತುತ್ತದೆಯಾ ಅಂತ ಅವರೇ ಹಾಕಿ ನೋಡಬೇಕು. ಈ ಮಾತು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಡಬ್ಬಿಯ ಮೇಲಿನ ಎರಡು ಅಕ್ಷರಗುಂಪು ಮಾತ್ರ ಕಣ್ಣಿಟ್ಟು ಓದಿ. ಎಎನ್‌ಸಿ ಅಂದರೆ ನಿಮ್ಮ ಕಿವಿಗೆ ಬರುವ ಸದ್ದನ್ನು ಅಳಿಸುವುದು. ಇಎನ್‌ಸಿ ಅಂತ ಮಾತ್ರ ಇದ್ದರೆ ಅದು ಫೋನಿನಲ್ಲಿ ಮಾತಾಡುವಾಗ ಆ ಕಡೆಯವರಿಗೆ ಗದ್ದಲ ಕೇಳದಂತೆ ಮಾಡುವುದು. ನಿಮಗೆ ಅದರಿಂದ ಒಂದಿಷ್ಟೂ ಶಾಂತಿ ಸಿಗುವುದಿಲ್ಲ. ಅಗ್ಗದ ಸೆಟ್ಟುಗಳಲ್ಲಿ ಜನ ಮೋಸಹೋಗುವುದು ಜಾಸ್ತಿ ಇಲ್ಲೇ. ‘45 ಡೆಸಿಬೆಲ್ ತನಕ’ ಅನ್ನುವ ಅಂಕಿಯನ್ನೂ (ಡೆಸಿಬೆಲ್ ಅಂದರೆ ಸದ್ದಿನ ಜೋರಿನ ಅಳತೆ) ಪೂರ್ತಿ ನಂಬಬೇಡಿ. ಸಾಮಾನ್ಯವಾಗಿ ಅದು ಒಂದು ಸ್ವರದ ಹತ್ತಿರ ಸಿಕ್ಕ ಅತಿ ಹೆಚ್ಚಿನ ಲೆಕ್ಕ. ಎಲ್ಲ ಸದ್ದಿಗೂ ಅಷ್ಟೇ ಇಳಿಯುವುದಿಲ್ಲ.

ಅಂಗಡಿಯಲ್ಲಿ ಹಾಡು ಹಾಕುವ ಮೊದಲು ಸುಮ್ನೆ ಸೆಟ್ ಹಾಕಿಕೊಂಡು ಫ್ಯಾನಿನ ಕೆಳಗೆ ನಿಲ್ಲಿ. ಎಎನ್‌ಸಿ ಆನ್ ಮಾಡಿ, ಆಫ್ ಮಾಡಿ. ಆಮೇಲೆ ಜೊತೆಗೆ ಬಂದವರಿಗೆ ಚಪ್ಪಾಳೆ ತಟ್ಟೋಕೆ ಹೇಳಿ. ಫ್ಯಾನಿನ ಸದ್ದು ಎಷ್ಟು ಇಳಿಯಿತು ಅನ್ನುವುದು ನಿಮ್ಮ ಬಸ್ಸು, ಚಪ್ಪಾಳೆ ಎಷ್ಟು ತಗ್ಗಿತು ಅನ್ನುವುದು ನಿಮ್ಮ ಓಣಿ. ಕೆಲವರಿಗೆ ಎಎನ್‌ಸಿ ಹಚ್ಚಿದಾಗ ಕಿವಿ ಕಟ್ಟಿದಂತಾಗುತ್ತದೆ. ಹಾಕಿಕೊಂಡು ಹದಿನೈದು ನಿಮಿಷ ಕೂತರೆ ಅದು ಗೊತ್ತಾಗಿಬಿಡುತ್ತದೆ.

ಹಿಂದೂಸ್ತಾನಿ ಕೇಳುವವರಿಗೆ ಇನ್ನೊಂದು ಅನುಮಾನ ಸಹಜ. ತಂಬೂರಿಯದ್ದೂ ಒಂದೇ ಸಮನೆಯ ನಾದ ಅಲ್ವಾ, ಅದನ್ನೂ ಇದು ಅಳಿಸಿಬಿಟ್ಟರೆ? ಇಲ್ಲ. ಹೊರಗಿನ ಮೈಕು ಹಿಡಿದದ್ದಕ್ಕೆ ಮಾತ್ರ ಉಲ್ಟಾ ಅಲೆ ಹುಟ್ಟುತ್ತದೆ. ಕಿವಿಯ ಕಡೆಗೆ ಒಳಗೊಂದು ಮೈಕು ಇದ್ದರೂ ಚಿಪ್‌ಗೆ ತಾನು ನುಡಿಸುತ್ತಿರುವ ಹಾಡು ಗೊತ್ತಿರುತ್ತದೆ, ಅದನ್ನು ಲೆಕ್ಕದಿಂದ ಬಿಡುತ್ತದೆ. ಆದರೆ ಕೆಲವು ಸೆಟ್ಟುಗಳಲ್ಲಿ ಎಎನ್‌ಸಿ ಹಚ್ಚಿದ ಕೂಡಲೇ ಹಾಡಿನ ಬಣ್ಣವೇ ಬದಲಾಗುತ್ತದೆ. ದಪ್ಪ ಸ್ವರ ಉಬ್ಬುತ್ತದೆ, ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಮಂಕಾಗುತ್ತದೆ. ಇದು ಮನಸ್ಸಿಗೆ ನೋವಾಗುವ ವಿಷಯ. ಹಾಗಾಗಿ ನಿಮಗೆ ಬಾಯಿಪಾಠ ಆಗಿರುವ ಒಂದು ವಿಲಂಬಿತ ಖಯಾಲ್ ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಇಲ್ಲೇ ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ. ಅವರ ದನಿಯ ಹಿಂದಿನ ತಂಬೂರಿ ಎಎನ್‌ಸಿ ಆನ್ ಇದ್ದಾಗಲೂ ಆಫ್ ಇದ್ದಾಗಲೂ ಒಂದೇ ಥರ ಕೇಳಿದರೆ ಆ ಸೆಟ್ಟಿಗೆ ದುಡ್ಡು ಕೊಡಬಹುದು. ಮಗ್ಗ ನಿಂತ ಹೊತ್ತಲ್ಲಿ, ಮನೆ ತಣ್ಣಗಿದ್ದಾಗ, ಎಎನ್‌ಸಿ ಆಫ್ ಮಾಡಿಯೇ ಕೇಳಿ. ಚಿಪ್ಪಿನದೇ ಸಣ್ಣ ಸುಯ್ ಸದ್ದು ಇರುತ್ತದೆ, ಅದೂ ಹೋಗುತ್ತದೆ.

ಬಸ್ಸಿಗೆ ಬೇಕಾದ್ದು ತೂಕ ಕಡಿಮೆ, ಬ್ಯಾಟರಿ ಜಾಸ್ತಿ. ಸೋನಿಯ ಸಿಎಚ್720ಎನ್ 192 ಗ್ರಾಂ ತೂಗುತ್ತದೆ, ಎಎನ್‌ಸಿ ಹಚ್ಚಿ 35 ತಾಸು ಅನ್ನುತ್ತದೆ ಕಂಪನಿ. ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ ಹತ್ತಿರ ಹತ್ತಿರ 385 ಗ್ರಾಂ, 20 ತಾಸು. ಬೆಲೆಯೂ ಎಷ್ಟೋ ಪಟ್ಟು. ರಾತ್ರಿಯಿಡೀ ತಲೆಯ ಮೇಲೆ ಹೊರುವುದಾದರೆ ಈ ವ್ಯತ್ಯಾಸ ಕುತ್ತಿಗೆಗೆ ತಿಳಿಯುತ್ತದೆ. ಸ್ಲೀಪರಿನಲ್ಲಿ ಮಗ್ಗಲು ಹೊರಳಿ ಮಲಗುವವರಿಗೆ ದೊಡ್ಡ ಹೆಡ್‌ಫೋನ್ ಆಗಿಬರುವುದಿಲ್ಲ. ಅಂಥವರಿಗೆ ಕಿವಿಯೊಳಗೆ ಕೂರುವ ಇಯರ್‌ಬಡ್ಸೇ ಸರಿ, ಸರಿಯಾದ ಅಳತೆಯ ರಬ್ಬರ್ ತುದಿ ಹಾಕಿಕೊಂಡರೆ. ಕಿಟಕಿ ತೆರೆದ ಕೆಂಪು ಬಸ್ಸಿನಲ್ಲಿ ಗಾಳಿ ಮೈಕಿಗೆ ಬಡಿದು ಬರ್ ಬರ್ ಅನ್ನುತ್ತದೆ. ಆಗ ಗ್ಲಾಸು ಹಾಕಿ, ಇಲ್ಲವೇ ಎಎನ್‌ಸಿ ಆಫ್ ಮಾಡಿ.

ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದ ಬಿಸಿಲಿಗೆ ಮೆತ್ತೆ ಬೆವರು ಕುಡಿದು ಸಿಪ್ಪೆ ಏಳುತ್ತದೆ. ಮೆತ್ತೆ ಬಿಡಿಯಾಗಿ ಸಿಗುವ ಮಾಡೆಲ್ ಆದರೆ ಒಳ್ಳೆಯದು. ತಂತಿ ಚುಚ್ಚುವ ತೂತು ಇದ್ದರೆ ಇನ್ನೂ ಒಳ್ಳೆಯದು.

ಇವೆಲ್ಲದರಿಂದ ದೊಡ್ಡ ಲಾಭ ವಾಲ್ಯೂಮ್ ಇಳಿಸಬಹುದು ಅನ್ನುವುದು. ದೊಡ್ಡವರಿಗೆ ವಾರಕ್ಕೆ 40 ತಾಸು, 80 ಡೆಸಿಬೆಲ್ ಒಳಗೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. 90ಕ್ಕೆ ಏರಿಸಿದರೆ ಅದು ವಾರಕ್ಕೆ ನಾಲ್ಕೇ ತಾಸು. ಗದ್ದಲ ಮೀರಿಸೋಕೆ ಅಂತ ವಾಲ್ಯೂಮ್ ಏರಿಸುವವರು ಈ ಮಿತಿಯನ್ನು ಗೊತ್ತಿಲ್ಲದೆಯೇ ದಾಟುತ್ತಾರೆ.

ಇನ್ನು ತಮ್ಮನ ವಿಷಯ. ಮಗ್ಗದ ಮುಂದೆ ಇದನ್ನು ಹಾಕಿಕೊಳ್ಳುವುದು ಬೇಡವೇ ಬೇಡ. ಕಿವಿಗೆ ಏಟು ಕೊಡುವುದು ಲಾಳಿಯ ಬಡಿತ, ಎಎನ್‌ಸಿ ಸೋಲುವುದೂ ಅಲ್ಲೇ. ಮೇಲಿಂದ ಹಾಡು ಬೇರೆ ಹಾಕಿದರೆ ಎರಡು ಹೊಡೆತ. ಗುಂಯ್ ಹೋಯಿತು, ಕಿವಿ ಸುರಕ್ಷಿತ ಅಂತ ಅವನಿಗೆ ಅನ್ನಿಸುವುದೇ ಅಪಾಯ. ಕೆಲಸದವರಿಗೆ ಅಂತಲೇ ಮಾಡಿದ ಇಯರ್‌ಮಫ್ ಅಥವಾ ಫೋಮಿನ ಇಯರ್‌ಪ್ಲಗ್ ಸಿಗುತ್ತವೆ. ಎಷ್ಟು ಸದ್ದು ತಡೆಯುತ್ತದೆ ಅನ್ನುವ ಎನ್ಆರ್‌ಆರ್ ಅಥವಾ ಎಸ್ಎನ್‌ಆರ್ ಅಂಕಿ ಪೊಟ್ಟಣದ ಮೇಲೆ ಇರಬೇಕು. ಫೋಮಿನದಾದರೆ ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ಇಟ್ಟು, ಉಬ್ಬುವ ತನಕ ಬೆರಳಿನಿಂದ ಹಿಡಿದಿರಲಿ. ಹೆಡ್‌ಫೋನ್ ತರೋಕೆ ಹೋದ ದಿನವೇ ಇದನ್ನೂ ತನ್ನಿ.